ಆಯವ್ಯಯ, ಸಿದ್ಧಾಯ, ಬಜೆಟ್: ಒಂದು ತಕರಾರು

ಬಜೆಟ್ ತಿಂಗಳು ಬಂತು ಅಂದ್ರೆ ಸಾಕು, ‘ಆಯವ್ಯಯ ಅನ್ನೋ ಪದ ಕೌಟಿಲ್ಯನಲ್ಲೇ ಇದೆ, ನಮ್ಮ ಶಾಸನಗಳ ಸಿದ್ಧಾಯವೂ ಅದೇ, ಹಾಗಾಗಿ ಬಜೆಟ್ ನಮಗೆ ಹೊಸದಲ್ಲ’ ಎಂಬ ಬರಹಗಳು ಶುರುವಾಗುತ್ತವೆ. ಪದ ಹಳೆಯದು, ಒಪ್ಪೋಣ. ಅರ್ಥವೂ ಅಷ್ಟೇ ಹಳೆಯದೆ?

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೇ ಅಧಿಕರಣ ತೆಗೆದು ನೋಡಿ. ಸಮಾಹರ್ತೃವಿನ ಕೆಲಸ ಹೇಳುವಲ್ಲಿ ಆಯ, ವ್ಯಯಗಳ ಜೊತೆಗೇ ಕರಣೀಯ, ಸಿದ್ಧ, ಶೇಷ, ನೀವೀ ಎಂಬ ಬೇರೆ ಮಾತುಗಳಿವೆ. ಕರಣೀಯ ಅಂದರೆ ಇನ್ನು ಆಗಬೇಕಾದ್ದು. ಸಿದ್ಧ ಅಂದರೆ ಆಗಿಹೋದದ್ದು. ಬೊಕ್ಕಸಕ್ಕೆ ಒಪ್ಪಿಸಿದ ಹಣ ಇದರಲ್ಲೇ ಬರುತ್ತೆ. ಶೇಷ ಬಾಕಿ, ನೀವೀ ಖರ್ಚು ಕಳೆದು ಉಳಿದದ್ದು. ಮುಂದಿನ ವರ್ಷದ ಅಂದಾಜಿಗೆ ಹತ್ತಿರದ ಮಾತು ಬೇಕಿದ್ದರೆ ಕರಣೀಯದಲ್ಲಿ ಹುಡುಕಬೇಕು, ಆಯವ್ಯಯದಲ್ಲಲ್ಲ.

ಸಿದ್ಧಾಯದ ಕಥೆ ಇನ್ನೂ ಬೇರೆ. ಹೊಯ್ಸಳ, ವಿಜಯನಗರ ಕಾಲದ ದಾನಶಾಸನಗಳಲ್ಲಿ ಅದು ಊರಿನ ಮೇಲೆ ಗೊತ್ತುಮಾಡಿದ ಕಂದಾಯ. ಇಂತಿಷ್ಟು ಗದ್ಯಾಣ ಎಂದು ನಿಗದಿಯಾದ ಮೊತ್ತವನ್ನು ದೇವರಿಗೋ ಬ್ರಾಹ್ಮಣರಿಗೋ ಬಿಟ್ಟುಕೊಡುತ್ತಾರೆ, ಅದೂ ಚಂದ್ರಸೂರ್ಯರಿರುವ ತನಕ. ಅರ್ಥಶಾಸ್ತ್ರದ ‘ಸಿದ್ಧ’ ಕೈಗೆ ಬಂದದ್ದು, ಶಾಸನದ ‘ಸಿದ್ಧ’ ಸ್ಥಿರವಾದದ್ದು. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಶಾಸನದ ಓದೇ ಕೆಡುತ್ತೆ: ರಾಜ ಬಿಟ್ಟುಕೊಟ್ಟ ಹಕ್ಕು ಒಂದು ವರ್ಷದ ಜಮಾ ಲೆಕ್ಕವಾಗಿ ಕಾಣುತ್ತೆ. ವರ್ಷವರ್ಷ ಬದಲಾಗುವ ಬಜೆಟ್ಟಿಗೂ ಅದಕ್ಕೂ ಏನು ಸಂಬಂಧ?

ಬಜೆಟ್ ಎಂಬ ಪದದ ಮೂಲ ಎಲ್ಲರಿಗೂ ಗೊತ್ತಿರುವಂಥದೇ, ಹಳೆಯ ಫ್ರೆಂಚಿನ ಸಣ್ಣ ಚರ್ಮದ ಚೀಲ. ನಮ್ಮ ಸಂವಿಧಾನದ 112 ಮತ್ತು 202ನೇ ವಿಧಿಗಳಲ್ಲಿ ಆ ಪದವೇ ಇಲ್ಲ. ಅಲ್ಲಿರೋದು ಆ ವರ್ಷದ ಅಂದಾಜು ಜಮಾ-ಖರ್ಚಿನ ವಿವರಪಟ್ಟಿ. ನನ್ನಂಥ ಎಂಜಿನಿಯರಿಗೆ ಈ ‘ಅಂದಾಜು’ ಬಹಳ ಮುಖ್ಯ. ಸೈಟಿನಲ್ಲಿ ಎಸ್ಟಿಮೇಟ್ ಬೇರೆ, ಅಳತೆ ಪುಸ್ತಕ ಬೇರೆ, ಫೈನಲ್ ಬಿಲ್ ಬೇರೆ. ಎಸ್ಟಿಮೇಟ್ ತೋರಿಸಿ ‘ರಸ್ತೆ ಆಯ್ತು’ ಅಂದ್ರೆ ಯಾರು ಒಪ್ತಾರೆ? ಆದರೂ ಬಜೆಟ್ಟಿನ ಮರುದಿನ ಘೋಷಿಸಿದ ಮೊತ್ತವನ್ನು ಆಗಲೇ ಖರ್ಚಾದ ಹಾಗೆ ಮಾತಾಡ್ತೀವಿ.

‘ಮುಂಗಡಪತ್ರ’ವನ್ನು ಕೆಲವರು ಅಡ್ವಾನ್ಸ್ ಚೀಟಿ ಅಂತ ಗೇಲಿ ಮಾಡ್ತಾರೆ. ನನಗೇನೋ ಅದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತೆ. ಮುಂದೆ ಆಗಬೇಕಾದ್ದು ಎಂಬ ಸುಳಿವು ಪದದಲ್ಲೇ ಇದೆ. ಸರ್ಕಾರಿ ಕಡತಗಳು ‘ಆಯವ್ಯಯ ಅಂದಾಜು’ ಎಂದು ಪೂರ್ತಿಯಾಗೇ ಬರೆಯುತ್ತವೆ. ನಾವು ಮಾತಿನಲ್ಲಿ ಕೊನೆಯ ಪದ ಬಿಟ್ಟುಬಿಡ್ತೀವಿ. ಆ ಪದ ಸಂಸ್ಕೃತವೂ ಅಲ್ಲ, ಶಾಸನದ್ದೂ ಅಲ್ಲ, ಪಾರ್ಸಿಯಿಂದ ಬಂದದ್ದು.