ಯೂನಿಕ್ಸ್ ಉಪಕರಣಗಳ ರೂಪಾಂತರವೂ ಕನ್ನಡದ ಅಕ್ಷರವೂ

ಒಂದು ಭಾಷೆಯಲ್ಲಿ ಹುಟ್ಟಿದ ಕೃತಿಯನ್ನು ಮತ್ತೊಂದು ಭಾಷೆಯಲ್ಲಿ ಹೊಸದಾಗಿ ರಚಿಸುವುದು ಕನ್ನಡಿಗರಿಗೆ ಅಪರಿಚಿತವಾದ ಕಾರ್ಯವಲ್ಲ. ಬಸವನ ಬಾಗೇವಾಡಿಯಲ್ಲಿ ಅವತರಿಸಿದ ಬಸವಣ್ಣನವರ ಚರಿತ್ರೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ರಚಿಸಿದನು. ಅದನ್ನು ಭೀಮಕವಿಯು ಕ್ರಿ. ಶ. ೧೩೬೯ರಲ್ಲಿ ಕನ್ನಡದ ಷಟ್ಪದಿಗೆ ತಂದನು. ದ್ವಿಪದಿಯ ಎರಡು ಪಾದಗಳನ್ನೇ ಕನ್ನಡದಲ್ಲಿಯೂ ಉಳಿಸಬೇಕೆಂದು ಭೀಮಕವಿಯು ಹಟಹಿಡಿಯಲಿಲ್ಲ. ಕಥೆಯನ್ನು ಉಳಿಸಿಕೊಂಡು ಕನ್ನಡದ ಕಿವಿಗೆ ಒಗ್ಗಿದ ಆರು ಪಾದಗಳ ಬಂಧವನ್ನು ಆರಿಸಿಕೊಂಡನು. ಯಾವುದನ್ನು ಉಳಿಸಬೇಕು, ಯಾವುದನ್ನು ಮಾರ್ಪಡಿಸಬೇಕು ಎಂಬ ವಿವೇಕವೇ ರೂಪಾಂತರಕ್ಕೆ ಒರೆಗಲ್ಲು. ಗಣಕಯಂತ್ರದ ಕ್ಷೇತ್ರದಲ್ಲಿ ನಡೆದಿರುವ ಒಂದು ಮಹತ್ತ್ವದ ರೂಪಾಂತರವನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಇಲ್ಲಿಯ ಉದ್ದೇಶವಾಗಿದೆ.

ಯೂನಿಕ್ಸ್ ಎಂಬ ಗಣಕವ್ಯವಸ್ಥೆಯು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಆರಂಭವಾಯಿತು. ಅದರ ವೈಶಿಷ್ಟ್ಯವೆಲ್ಲವೂ ಅಲ್ಪಗಾತ್ರದ ಉಪಕರಣಗಳಲ್ಲಿರುವುದು. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುವುದು ಸಾರ್ಟ್. ಒಂದರ ಕೆಳಗೊಂದು ಬಂದ ಸಮಾನವಾದ ಸಾಲುಗಳನ್ನು ಒಂದಾಗಿಸುವುದು ಯೂನಿಕ್. ಸಾಲು, ಪದ, ಅಕ್ಷರಗಳನ್ನು ಎಣಿಸುವುದು ಡಬ್ಲ್ಯುಸಿ. ಒಂದು ಅಕ್ಷರದ ಎಡೆಯಲ್ಲಿ ಮತ್ತೊಂದನ್ನಿಡುವುದು ಟಿಆರ್. ಒಂದೊಂದೂ ಒಂದೊಂದೇ ಕೆಲಸವನ್ನು ಮಾಡುವುದು. ಒಂದರ ಫಲವು ಮತ್ತೊಂದಕ್ಕೆ ಹರಿದುಹೋಗುವುದು.

ಈ ವ್ಯವಸ್ಥೆಗೆ ರೂಪಾಂತರವು ಹೊಸದಲ್ಲ. ಯಂತ್ರಕ್ಕೆ ಅತಿ ಸಮೀಪವಾದ ಸಂಕೇತಗಳಲ್ಲಿದ್ದ ಯೂನಿಕ್ಸನ್ನು ಅದರ ಕರ್ತೃಗಳೇ ೧೯೭೩ರಲ್ಲಿ ಸಿ ಭಾಷೆಯಲ್ಲಿ ಬರೆದರು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯವರು ಆ ಉಪಕರಣಗಳನ್ನು ಸರ್ವರಿಗೂ ಸ್ವತಂತ್ರವಾಗಿ ದೊರೆಯುವಂತೆ ಮರಳಿ ರಚಿಸಿದರು. ಅವುಗಳ ಸಮುಚ್ಚಯಕ್ಕೆ ಕೋರ್‌ಯುಟಿಲ್ಸ್ ಎಂದು ಹೆಸರು. ೨೦೧೩ರಲ್ಲಿ ಮೊದಲಾದ ಯುಯುಟಿಲ್ಸ್ ಯೋಜನೆಯು ಇದನ್ನೇ ರಸ್ಟ್ ಎಂಬ ನವೀನ ಭಾಷೆಯಲ್ಲಿ ಪುನಾರಚಿಸಿತು. ೨೦೨೫ರ ಅಕ್ಟೋಬರಿನಲ್ಲಿ ಹೊರಬಂದ ಉಬುಂಟು ೨೫.೧೦ರಲ್ಲಿ ಹಳೆಯ ಉಪಕರಣಗಳ ಸ್ಥಾನಕ್ಕೆ ಈ ಹೊಸವೇ ಬಂದುವು. ಆದುದರಿಂದ ಇದು ಕೇವಲ ವಿನೋದಪ್ರಯೋಗವೆಂದು ತಳ್ಳಿಹಾಕತಕ್ಕುದಲ್ಲ.

ಭಾಷೆಯನ್ನು ಬದಲಿಸಿದುದೇಕೆ? ತನಗೆ ಮೀಸಲಾದ ಸ್ಮೃತಿಯ ಎಲ್ಲೆಯನ್ನು ಪ್ರೋಗ್ರಾಮು ದಾಟಿದರೆ ಸಿ ಭಾಷೆಯು ತಾನಾಗಿ ತಡೆಯದು. ಇದರಿಂದ ಪ್ರೋಗ್ರಾಮು ಕುಸಿಯುವುದುಂಟು, ದುಷ್ಟರಿಗೆ ದಾರಿಯಾಗುವುದೂ ಉಂಟು. ರಸ್ಟ್ ಭಾಷೆಯು ಇಂತಹ ಪ್ರಮಾದಗಳಲ್ಲಿ ಬಹುಭಾಗವನ್ನು ರಚನೆಯ ಹಂತದಲ್ಲಿಯೇ ನಿರಾಕರಿಸುವುದು. ಈ ಗುಣವನ್ನು ಮುಕ್ತಮನಸ್ಸಿನಿಂದ ಒಪ್ಪಬೇಕು. ಗ್ನೂ ಉಪಕರಣಗಳ ಹಂಚಿಕೆಗಿದ್ದ, ಮಾರ್ಪಡಿಸಿ ಹಂಚುವವನು ತನ್ನ ಮೂಲಪಾಠವನ್ನೂ ಕೊಡಬೇಕೆಂಬ ನಿಬಂಧನೆಯು ಹೊಸ ರಚನೆಯ ಎಂಐಟಿ ಪರವಾನಗಿಯಲ್ಲಿ ಇಲ್ಲದಿರುವುದು ಕೆಲವರ ಆಕ್ಷೇಪಕ್ಕೆ ಕಾರಣವಾಗಿದೆ. ಆ ವಾದವು ಬೇರೆಯೇ ಒಂದು ಲೇಖನಕ್ಕೆ ತಕ್ಕುದು.

ಇಲ್ಲಿ ವಿಚಾರಿಸಬೇಕಾದುದು ಯುಯುಟಿಲ್ಸ್ ಕರ್ತೃಗಳ ಒಂದು ಪ್ರತಿಜ್ಞೆಯನ್ನು. ಗ್ನೂ ಮೂಲಕ್ಕೂ ತಮ್ಮ ರಚನೆಗೂ ತೋರುವ ಭೇದವೆಲ್ಲವನ್ನೂ ದೋಷವೆಂದೇ ಎಣಿಸುವೆವು ಎಂದು ಅವರು ಸಾರಿರುವರು. ಗ್ನೂವಿನ ಪರೀಕ್ಷಾಮಾಲೆಯಿಂದಲೇ ತಮ್ಮ ಪ್ರಗತಿಯನ್ನು ಅಳೆಯುವರು. ಈ ನಿಷ್ಠೆಯು ನಿಷ್ಕಾರಣವಲ್ಲ. ಕಡತವೊಂದು ಮಾರ್ಪಾಟಾದ ಕಾಲವನ್ನು ಡೇಟ್ ಉಪಕರಣದಿಂದ ಕೇಳಿದಾಗ, ಉಬುಂಟು ೨೫.೧೦ರಲ್ಲಿದ್ದ ಹೊಸ ಉಪಕರಣವು ಆ ಕಾಲವನ್ನು ಬಿಟ್ಟು ಈಗಿನ ಕಾಲವನ್ನೇ ಹೇಳುತ್ತಿದ್ದಿತು. ಇಷ್ಟು ಸಣ್ಣ ಭೇದದಿಂದ ಕೆಲವು ಯಂತ್ರಗಳು ಹೊಸ ತಿದ್ದುಪಡಿಗಳನ್ನು ತಾವಾಗಿ ಹುಡುಕುವುದೇ ನಿಂತುಹೋಯಿತು. ದೋಷವನ್ನು ಬೇಗನೆ ತಿದ್ದಿದರು. ಮೂಲವನ್ನು ಬಿಟ್ಟರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಇದು ಸಾಕಾದ ನಿದರ್ಶನ.

ಆದರೆ ಮೂಲವೇ ಎಲ್ಲಿ ಸಂಕುಚಿತವಾಗಿದೆಯೋ ಅಲ್ಲಿ ಈ ನಿಷ್ಠೆಯ ಗತಿಯೇನು? ಇದಕ್ಕೆ ವಿಜಾಪುರ ಸೀಮೆಯ ಒಂದು ಕಾರ್ಯವನ್ನೇ ಉದಾಹರಿಸಬಹುದು. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ನೆಲೆಸಿ, ಓಲೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ‘ಸಮಗ್ರ ವಚನ ಸಂಪುಟ’ದ ೧೫ ಸಂಪುಟಗಳು ಬೆಳಕಿಗೆ ಬಂದುವು. ಇಷ್ಟು ದೊಡ್ಡ ವಾಙ್ಮಯಕ್ಕೆ ಪದಸೂಚಿಯನ್ನು ಸಿದ್ಧಪಡಿಸಬೇಕಾದರೆ ಪದಗಳನ್ನು ಬಿಡಿಸಿ, ಅಕಾರಾದಿಯಾಗಿ ಜೋಡಿಸಿ, ಒಂದೊಂದು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು. ಯೂನಿಕ್ಸ್ ಉಪಕರಣಗಳು ಹುಟ್ಟಿರುವುದೇ ಇಂತಹ ಕೆಲಸಕ್ಕೆ.

ಪದಗಳ ಎಣಿಕೆಗಾಗಿ ಡೊನಾಲ್ಡ್ ನೂತ್ ರಚಿಸಿದ ದೀರ್ಘವಾದ ಪ್ರೋಗ್ರಾಮನ್ನು ವಿಮರ್ಶಿಸುತ್ತ, ೧೯೮೬ರಲ್ಲಿ ಡಗ್ಲಸ್ ಮೆಕಿಲ್ರಾಯ್ ಅದೇ ಕೆಲಸವನ್ನು ಆರು ಉಪಕರಣಗಳ ಸರಪಳಿಯಿಂದ ಮಾಡಿ ತೋರಿಸಿದನು. ಆ ಸರಪಳಿಯು ಯೂನಿಕ್ಸ್ ಮಾರ್ಗಕ್ಕೆ ಆದರ್ಶವೆಂದು ಪ್ರಸಿದ್ಧವಾಗಿದೆ. ಅದರ ಮೊದಲ ಕೊಂಡಿಯು ಟಿಆರ್: ರೋಮನ್ ಲಿಪಿಯ ಅಕ್ಷರಗಳಲ್ಲದ ಎಲ್ಲವನ್ನೂ ಅದು ಸಾಲಿನ ಕೊನೆಯನ್ನಾಗಿ ಮಾರ್ಪಡಿಸಿ, ಒಟ್ಟಿಗೆ ಬಂದವುಗಳನ್ನು ಒಂದಾಗಿ ಕುಗ್ಗಿಸುವುದು. ವಚನಗಳನ್ನು ಆ ಸರಪಳಿಗೆ ಹಾಗೆಯೇ ಕೊಟ್ಟರೆ ೧೫ ಸಂಪುಟಗಳೂ ಒಂದು ಬರಿಯ ಸಾಲಾಗಿ ಹೊರಬರುವುವು! ರೋಮನ್ ಅಕ್ಷರಗಳಿರುವಲ್ಲಿ ಕನ್ನಡದವನ್ನು ಇಟ್ಟರೂ ತೊಡಕು ತೀರದು. ಏಕೆಂದರೆ ಒಂದು ಬೈಟಿನ ಅಕ್ಷರಗಳನ್ನು ಮಾತ್ರವೇ ತಾನು ಪೂರ್ಣವಾಗಿ ಬಲ್ಲೆನೆಂದು ಗ್ನೂ ಟಿಆರ್‌ನ ಕೈಪಿಡಿಯೇ ಒಪ್ಪಿಕೊಂಡಿದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ, ರೂಢಿಯಲ್ಲಿರುವ ಯುಟಿಎಫ್-೮ ಬರಹದಲ್ಲಿ, ಮೂರು ಬೈಟುಗಳು ಬೇಕು.

ಎಣಿಕೆಯ ವಿಷಯದಲ್ಲಿ ಈ ಜಿಲ್ಲೆಯ ನಾಲ್ಕು ಊರುಗಳ ಹೆಸರುಗಳನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ‘ಇಂಡಿ’ ಎಂಬಲ್ಲಿ ಅಕ್ಷರಗಳು ೨, ಯೂನಿಕೋಡ್ ಸಂಕೇತಗಳು ೪, ಬೈಟುಗಳು ೧೨. ‘ಸಿಂದಗಿ’ಯಲ್ಲಿ ಕ್ರಮವಾಗಿ ೩, ೬, ೧೮. ‘ಬಾಗೇವಾಡಿ’ಯಲ್ಲಿ ೪, ೮, ೨೪. ‘ಮುದ್ದೇಬಿಹಾಳ’ದಲ್ಲಿ ೫, ೧೧, ೩೩. ಡಬ್ಲ್ಯುಸಿ ಉಪಕರಣವು ಬೈಟುಗಳನ್ನು ಹೇಳಬಲ್ಲದು, ಸಂಕೇತಗಳನ್ನೂ ಹೇಳಬಲ್ಲದು. ಶಾಲೆಯ ಹುಡುಗನು ಬೆರಳೆಣಿಸಿ ಹೇಳುವ ಅಕ್ಷರಸಂಖ್ಯೆಯನ್ನು ಮಾತ್ರ ಹೇಳಲಾರದು. ಇದರ ಮೇಲೆ ಇನ್ನೊಂದು ತೊಡಕುಂಟು. ‘ದ್ದೇ’, ‘ಗೇ’ ಎಂಬಲ್ಲಿಯ ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ದೀರ್ಘದ ಚಿಹ್ನೆಯನ್ನು ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟನ್ನು ಬೈಟಿನೊಡನೆ ಹೋಲಿಸುವಲ್ಲಿ ಮಾತ್ರ ಒಂದು ಮುದ್ದೇಬಿಹಾಳವು ಎರಡು ಊರುಗಳಾಗುವುವು. ಪದಸೂಚಿಯಲ್ಲಿ ಒಂದೇ ಪದವು ಎರಡೆಡೆ ಹಂಚಿಹೋದರೆ ಸಂಶೋಧಕನ ಲೆಕ್ಕವೆಲ್ಲವೂ ತಪ್ಪುವುದು.

ನ್ಯಾಯಕ್ಕಾಗಿ ಮತ್ತೊಂದು ಮಾತನ್ನೂ ಹೇಳಬೇಕು. ವಿಂಗಡಣೆಯಲ್ಲಿ ಕನ್ನಡಕ್ಕೆ ಇಷ್ಟು ಹಾನಿಯಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಸಂಕೇತಗಳು ಬಹುಮಟ್ಟಿಗೆ ವರ್ಣಮಾಲೆಯ ಕ್ರಮದಲ್ಲಿಯೇ ಇರುವುದರಿಂದ, ಬೈಟುಗಳ ಕ್ರಮವನ್ನು ಹಿಡಿದರೂ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಎಂದು ಸರಿಯಾಗಿಯೇ ಬರುವುವು.

ರಸ್ಟ್ ಭಾಷೆಯು ಅಕ್ಷರಮಾಲೆಗಳೆಲ್ಲವನ್ನೂ ಯುಟಿಎಫ್-೮ ಎಂದೇ ಭಾವಿಸುವುದರಿಂದ ಈ ಕೊರತೆಯು ತಾನಾಗಿ ನೀಗುವುದೆಂದು ಕೆಲವರು ಎಣಿಸಬಹುದು. ಅದು ಸರಿಯಲ್ಲ. ರಸ್ಟಿನಲ್ಲಿ ಅಕ್ಷರವೆಂದು ಕರೆಯುವುದು ಒಂದು ಯೂನಿಕೋಡ್ ಸಂಕೇತವನ್ನೇ. ಸಂಕೇತಗಳನ್ನು ಕೂಡಿಸಿ ಓದುಗನ ಅಕ್ಷರವನ್ನಾಗಿ ಗುರುತಿಸುವ ಸಾಧನವು ಅದರ ಮೂಲಗ್ರಂಥಾಲಯದಲ್ಲಿಲ್ಲ, ಹೊರಗಿನಿಂದ ತರಬೇಕು. ತಂದರೂ ಯೂನಿಕೋಡಿನ ವಿಧಿಯೇ ಪೂರ್ಣವಾಗಿಲ್ಲ. ೨೦೨೩ರ ೧೫.೧ನೆಯ ಆವೃತ್ತಿಯು ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ತಂದಿತು. ಅದರಲ್ಲಿ ತೆಲುಗನ್ನು ಸೇರಿಸಿ ಕನ್ನಡವನ್ನು ಬಿಟ್ಟಿತು. ಆ ನಿಯಮದಂತೆ ‘ಬಸವಣ್ಣ’ ಎಂಬ ಹೆಸರು ಸೋಮನಾಥನ ಲಿಪಿಯಲ್ಲಿ ನಾಲ್ಕು ಘಟಕಗಳು, ಭೀಮಕವಿಯ ಲಿಪಿಯಲ್ಲಿ ಐದು! ಕನ್ನಡ ಛಂದಸ್ಸಿನಲ್ಲಿ ‘ಣ್ಣ’ ಎಂಬುದನ್ನು ಎರಡು ಅಕ್ಷರವೆಂದು ಯಾರೂ ಎಣಿಸಿದುದಿಲ್ಲ.

ಹಳೆಯ ಉಪಕರಣಗಳಲ್ಲಿ ಈ ಕೊರತೆಯನ್ನು ತುಂಬಲು ಯತ್ನವೇ ಆಗಲಿಲ್ಲವೆಂದಲ್ಲ. ಬಹುಬೈಟಿನ ಲಿಪಿಗಳಿಗಾಗಿ ಸುಸೆ ಮೊದಲಾದ ವಿತರಕರು ಸಿ ಭಾಷೆಯಲ್ಲಿಯೇ ಒಂದು ತೇಪೆಯನ್ನು ಹಚ್ಚಿದ್ದರು. ದೀರ್ಘವಾದ ಸಾಲೊಂದನ್ನು ಕೊಟ್ಟರೆ ಸಾರ್ಟ್, ಯೂನಿಕ್, ಜಾಯಿನ್ ಎಂಬ ಮೂರೂ ಉಪಕರಣಗಳು ಆ ತೇಪೆಯಿಂದಾಗಿ ಕುಸಿಯುವುವೆಂದು ೨೦೧೩ರಲ್ಲಿ ತಿಳಿದುಬಂದಿತು. ಇದರಿಂದ ಹೊರಡುವ ತಾತ್ಪರ್ಯವು ಗಮನಾರ್ಹವಾದುದು. ಸಿ ಭಾಷೆಯ ಅಪಾಯವು ಪ್ರತ್ಯಕ್ಷವಾದುದು ಅನ್ಯಲಿಪಿಗಳ ಸೇವೆಗೆ ಹೊರಟಲ್ಲಿಯೇ. ಹಾಗಿರಲಾಗಿ, ಆ ಅಪಾಯವನ್ನು ನಿವಾರಿಸುವ ಹೊಸ ಭಾಷೆಯ ಸಾಮರ್ಥ್ಯಕ್ಕೆ ಅತ್ಯಂತ ಯೋಗ್ಯವಾದ ಕ್ಷೇತ್ರವೂ ಅದೇ ಆಗಿದ್ದಿತು. ಮೂಲವು ಹೇಳಿದ ಸಂಖ್ಯೆಯನ್ನೇ ತಾನೂ ಹೇಳಿ ತೃಪ್ತವಾಗುವ ರೂಪಾಂತರವು ತನ್ನ ಶಕ್ತಿಯನ್ನು ಪೂರ್ಣವಾಗಿ ಬಳಸಿಕೊಂಡಂತಾಗಲಿಲ್ಲ.

ಇದಕ್ಕೊಂದು ಪೂರ್ವಪಕ್ಷವುಂಟು. ಈ ಉಪಕರಣಗಳನ್ನು ನಂಬಿ ಅಸಂಖ್ಯ ಪ್ರೋಗ್ರಾಮುಗಳು ನಡೆಯುತ್ತಿರುವುವು. ಎಣಿಕೆಯ ಅರ್ಥವನ್ನೇ ಬದಲಿಸಿದರೆ ಅವೆಲ್ಲವೂ ಕೆಡುವುವು. ಡೇಟ್ ಉಪಕರಣದ ಪ್ರಸಂಗವೇ ಅದಕ್ಕೆ ಸಾಕ್ಷಿ ಎಂದು. ಮಾತು ಯುಕ್ತವಾದುದೇ. ಆದರೆ ಇರುವ ಎಣಿಕೆಯನ್ನು ಅಳಿಸಬೇಕೆಂದು ಯಾರೂ ಕೇಳುವುದಿಲ್ಲ. ಅದರ ಬದಿಯಲ್ಲಿ ಮತ್ತೊಂದನ್ನಿಟ್ಟರೆ ಸಾಕು. ಮೂಲದಲ್ಲಿಲ್ಲದುದನ್ನು ಸೇರಿಸಬಾರದೆಂಬ ವ್ರತವು ಯುಯುಟಿಲ್ಸ್ ಕರ್ತೃಗಳಿಗೂ ಇಲ್ಲ. ಕಡತಗಳನ್ನು ನಕಲು ಮಾಡುವಾಗಲೂ ಸಾಗಿಸುವಾಗಲೂ ಕೆಲಸವು ಎಷ್ಟು ಮುಗಿದಿದೆಯೆಂದು ತೋರಿಸುವ ಪಟ್ಟಿಯನ್ನು ಅವರು ಹೊಸದಾಗಿ ಸೇರಿಸಿರುವರು. ಕಾಯುವವನ ಬೇಸರಕ್ಕೆ ದೊರೆತ ಈ ಸವಲತ್ತು ಎಣಿಸುವವನ ಅಕ್ಷರಕ್ಕೂ ದೊರೆಯಬಾರದೇಕೆ?

ಸಾರಾಂಶವಿಷ್ಟು: ಸುರಕ್ಷತೆಯಲ್ಲಿ ಈ ರೂಪಾಂತರವು ಶ್ಲಾಘ್ಯವಾದುದು, ಮೂಲನಿಷ್ಠೆಯಲ್ಲಿ ಪ್ರಾಮಾಣಿಕವಾದುದು, ಅಕ್ಷರದ ವಿಷಯದಲ್ಲಿ ಮಾತ್ರ ಮೂಲದ ಮಿತಿಯನ್ನು ಮೀರುವ ಹಂಬಲವನ್ನು ಸಾಕಷ್ಟು ತೋರಿಲ್ಲ. ಕೊರತೆಯ ಹೊಣೆಯು ಅದರ ಕರ್ತೃಗಳದೊಂದೇ ಅಲ್ಲ. ಕೃತಿಯ ಮೂಲಪಾಠವು ಎಲ್ಲರಿಗೂ ತೆರೆದಿದೆ. ಗ್ನೂ ಪರೀಕ್ಷಾಮಾಲೆಯು ಕೇಳದ ಪ್ರಶ್ನೆಯನ್ನು ಕನ್ನಡ ಬಲ್ಲವರೇ ಕೇಳಬೇಕು. ಅದಕ್ಕೆ ದೊಡ್ಡ ಸಿದ್ಧತೆಯು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂಬ ನಾಲ್ಕು ಸಾಲುಗಳನ್ನು ಕೊಟ್ಟು, ಎರಡು, ಮೂರು, ಐದು, ನಾಲ್ಕು ಎಂಬ ಉತ್ತರವನ್ನು ಅಪೇಕ್ಷಿಸುವ ಒಂದು ಪರೀಕ್ಷೆಯು ಆ ಮಾಲೆಗೆ ಸೇರಲಿ. ಅದರಲ್ಲಿ ತೇರ್ಗಡೆಯಾದ ದಿನ ಈ ಉಪಕರಣಗಳು ವಚನಗಳ ಪದಸೂಚಿಗೆ ನಂಬಿಗೆಯಿಂದ ಕೈಹಚ್ಚಲು ಅರ್ಹವಾಗುವುವು.