ಗಡಿಯಾರ ನಿಲ್ಲುವುದಾದರೆ ನವೆಂಬರ್‌ನಲ್ಲಿ ನಿಲ್ಲಲಿ

ಜನವರಿ ತಿಂಗಳು, ಬೆಳಿಗ್ಗೆ ಏಳು ಗಂಟೆ. ಡೆಟ್ರಾಯಿಟ್ ಪಕ್ಕದ ನಮ್ಮ ಬಡಾವಣೆಯ ತಿರುವಿನಲ್ಲಿ ಮಗಳ ಜೊತೆ ಸ್ಕೂಲ್ ಬಸ್ಸಿಗೆ ಕಾಯುತ್ತಾ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತೇನೆ. ಅಲ್ಲಿ ಸಂಜೆ ಐದೂವರೆ, ಅಂಗಳದಲ್ಲಿ ಇನ್ನೂ ಬಿಸಿಲು. ವಿಡಿಯೊದಲ್ಲಿ ಅವಳಿಗೆ ಕಾಣುವುದು ಒಂದು ಬೀದಿದೀಪ, ಅದರ ಕೆಳಗೆ ಹಿಮ, ಮೊಮ್ಮಗಳ ಉಣ್ಣೆಟೋಪಿ. “ಇನ್ನೂ ಹೊತ್ತು ಹುಟ್ಟಲಿಲ್ವೇನೇ? ಈ ಕತ್ತಲಲ್ಲಿ ಮಗೂನ ಎಲ್ಲಿಗೆ ಹೊರಡಿಸಿದ್ದೀಯ?” ಎಂದು ಪ್ರತಿ ಚಳಿಗಾಲದಲ್ಲೂ ಕೇಳುತ್ತಾಳೆ. ಶಾಲೆಗೆ ಅಮ್ಮಾ, ಎನ್ನುತ್ತೇನೆ. ಹೊತ್ತು ಹುಟ್ಟಲು ಆಗ ಸರಿಯಾಗಿ ಇನ್ನೊಂದು ಗಂಟೆ ಇರುತ್ತದೆ.

ಆ ಒಂದು ಗಂಟೆಯನ್ನು ಎರಡು ಮಾಡಬೇಕೆಂದು ಈ ದೇಶದಲ್ಲಿ ಬಹಳ ಮಂದಿ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದಾರೆ. ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುವುದು, ಈ ಗೋಳು ಮುಗಿಯಲಿ, ಮುಂದಿಟ್ಟ ಸಮಯವನ್ನೇ, ಅಂದರೆ ಡೇಲೈಟ್ ಟೈಮನ್ನೇ, ವರ್ಷವಿಡೀ ಇಟ್ಟುಬಿಡೋಣ ಎಂಬುದು ಅವರ ಬೇಡಿಕೆ. ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲೂ ವರ್ಷಕ್ಕೆರಡು ಬಾರಿ ಇದೇ ಮಾತು ಬರುತ್ತದೆ, ಎಲ್ಲರೂ ಹೆಬ್ಬೆರಳೆತ್ತುತ್ತಾರೆ. 2022ರ ಮಾರ್ಚ್ 15ರಂದು ಅಮೆರಿಕದ ಸೆನೆಟ್ ಕೂಡ ಹಾಗೇ ಮಾಡಿತು. ಫ್ಲಾರಿಡಾದ ಮಾರ್ಕೊ ರುಬಿಯೊ ಮುಂದಿಟ್ಟಿದ್ದ ಮಸೂದೆಯನ್ನು, ಒಬ್ಬರೂ ಆಕ್ಷೇಪಿಸಲಿಲ್ಲವೆಂಬ ಕಾರಣಕ್ಕೆ, ಮತ ಎಣಿಸದೆಯೇ ಅಂಗೀಕರಿಸಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕೈಗೆತ್ತಿಕೊಳ್ಳದೇ ಇದ್ದದ್ದು ಒಳ್ಳೆಯದಾಯಿತು ಎಂದು ನಾನು ಗುಂಪಿನಲ್ಲಿ ಬರೆದಾಗ ಹೆಬ್ಬೆರಳೇನೂ ಬರಲಿಲ್ಲ. ಅಲ್ಲಿ ನಾಲ್ಕು ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಮುಳ್ಳು ತಿರುಗಿಸುವುದು ನಿಲ್ಲಬೇಕು ಎಂಬುದರಲ್ಲಿ ನನ್ನದೇನೂ ತಕರಾರಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಜನ ಮೊದಲನೆಯದಕ್ಕೆ ಕೊಡುವ ಪುರಾವೆಯನ್ನೇ ಎರಡನೆಯದಕ್ಕೂ ಕೊಟ್ಟು ಮುಗಿಸುತ್ತಾರೆ. ಗಡಿಯಾರ ಬದಲಾದ ವಾರ ಹೃದಯಾಘಾತ ಹೆಚ್ಚುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಅದನ್ನು ತೋರಿಸಿದ್ದೂ ನಿಜ: ವಸಂತದಲ್ಲಿ ಗಡಿಯಾರ ಮುಂದೆ ಹೋದ ಮೊದಲ ವಾರ ಸುಮಾರು ಶೇ. 5ರಷ್ಟು ಹೆಚ್ಚಳ. ಆದರೆ ಆ ಹೆಚ್ಚಳ ಕಂಡದ್ದು ಡೇಲೈಟ್ ಟೈಮಿಗೆ ಹೋಗುವಾಗ. ಶರತ್ಕಾಲದಲ್ಲಿ ಸ್ಟ್ಯಾಂಡರ್ಡ್ ಟೈಮಿಗೆ ಮರಳಿದಾಗ ಅಂಥ ಏರಿಕೆ ಕಾಣಲಿಲ್ಲ. ಇದನ್ನು ಹಿಡಿದು ಡೇಲೈಟ್ ಟೈಮಿನಲ್ಲೇ ಶಾಶ್ವತವಾಗಿ ನೆಲೆ ನಿಲ್ಲೋಣ ಎನ್ನುವುದು ಹೇಗೆ?

ನಮ್ಮ ಮಾತಿನಲ್ಲಿ ಹೊತ್ತು ಎಂದರೆ ಸೂರ್ಯನೂ ಹೌದು, ಸಮಯವೂ ಹೌದು. ಹೊತ್ತು ಮೂಡುತ್ತದೆ, ನೆತ್ತಿಗೇರುತ್ತದೆ, ಮುಳುಗುತ್ತದೆ. ಊಟದ ಹೊತ್ತು, ಮಲಗುವ ಹೊತ್ತು ಎನ್ನುವಾಗಲೂ ಅದೇ ಪದ. ಇಲ್ಲಿನ ದೇವಸ್ಥಾನದ ಪಂಚಾಂಗದಲ್ಲಿ ಮಾರ್ಚ್‌ನ ಆ ಭಾನುವಾರ ರಾಹುಕಾಲದ ಗಂಟೆ ಬದಲಾಗುತ್ತದೆ, ಸೂರ್ಯೋದಯದಿಂದ ಅದು ಇರುವ ದೂರ ಬದಲಾಗುವುದಿಲ್ಲ. ಗಡಿಯಾರದಲ್ಲಿ ಏನು ಬರೆದಿದ್ದರೂ ಮೈ ಓಡುವುದು ಹೊತ್ತಿನ ಹಿಂದೆಯೇ. 2017ರಲ್ಲಿ ನೊಬೆಲ್ ಪಡೆದ ಹಾಲ್, ರಾಸ್‌ಬಾಶ್, ಯಂಗ್ ಅವರ ಕೆಲಸ ಜೀವಕೋಶದೊಳಗಿನ ಆ ಗಡಿಯಾರದ ಕುರಿತದ್ದು. ಮನುಷ್ಯನಲ್ಲಿ ಅದು ಇಪ್ಪತ್ತನಾಲ್ಕು ಗಂಟೆಗಿಂತ ತುಸು ನಿಧಾನ. ಬೆಳಗಿನ ಬೆಳಕು ಅದನ್ನು ದಿನವೂ ಸ್ವಲ್ಪ ಮುಂದಕ್ಕೆಳೆದು ಸರಿಮಾಡುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ತಳ್ಳುತ್ತದೆ. ವರ್ಷವಿಡೀ ಡೇಲೈಟ್ ಟೈಮ್ ಎಂದರೆ ಚಳಿಗಾಲದಲ್ಲಿ ಬೆಳಗಿನ ಬೆಳಕನ್ನು ಕಿತ್ತು ಸಂಜೆಗೆ ಅಂಟಿಸುವುದು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2020ರಲ್ಲೇ ಶಾಶ್ವತ ಸ್ಟ್ಯಾಂಡರ್ಡ್ ಟೈಮ್ ಸಾಕು ಎಂದು ಹೇಳಿದ್ದು ಇದಕ್ಕೇ.

ಡೆಟ್ರಾಯಿಟ್‌ನಲ್ಲಿ ಕುಳಿತು ನೋಡಿದರೆ ಲೆಕ್ಕ ಇನ್ನೂ ಕಠಿಣ. ಅಮೆರಿಕದ ಪೂರ್ವ ವಲಯದ ಸಮಯ 75 ಡಿಗ್ರಿ ಪಶ್ಚಿಮ ರೇಖಾಂಶದ್ದು. ನಮ್ಮ ಊರು ಇರುವುದು 83ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ಸ್ಟ್ಯಾಂಡರ್ಡ್ ಟೈಮಿನಲ್ಲೇ ನಮ್ಮ ಗಡಿಯಾರ ಸೂರ್ಯನಿಗಿಂತ ಸುಮಾರು ಮೂವತ್ತೆರಡು ನಿಮಿಷ ಮುಂದಿದೆ. 1915ರಲ್ಲಿ ಈ ನಗರ ಮಧ್ಯ ವಲಯ ಬಿಟ್ಟು ಪೂರ್ವ ವಲಯಕ್ಕೆ ಸೇರಿದಾಗಲೇ ಅರ್ಧ ಡೇಲೈಟ್ ಸೇವಿಂಗ್ ವರ್ಷಪೂರ್ತಿಗೆ ಬಂದುಬಿಟ್ಟಿತು. ಅದರ ಮೇಲೆ ಇನ್ನೊಂದು ಗಂಟೆ ಹೇರಿದರೆ ಸೂರ್ಯ ನೆತ್ತಿಗೆ ಬರುವುದು ಒಂದೂವರೆಗೆ. ಜನವರಿ ಆರಂಭದಲ್ಲಿ ಈಗ ಎಂಟು ಗಂಟೆಗೆ ಮೂಡುವ ಸೂರ್ಯ ಆಗ ಒಂಬತ್ತಕ್ಕೆ ಮೂಡುತ್ತಾನೆ. ಇದೇ ರಾಜ್ಯದ ಪಶ್ಚಿಮಕ್ಕಿರುವ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಒಂಬತ್ತೂ ಕಾಲಿಗೆ. ನವೆಂಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದ ತನಕ ನಾಲ್ಕು ತಿಂಗಳು ಒಂದು ದಿನವೂ ಎಂಟಕ್ಕೆ ಮೊದಲು ಸೂರ್ಯ ಕಾಣುವುದಿಲ್ಲ. ಅತ್ತ ಫ್ಲಾರಿಡಾದ ಬಿಸಿಲಿನಿಂದ ಈ ಮಸೂದೆ ಬಂದದ್ದು ಆಶ್ಚರ್ಯವಲ್ಲ. ಮಯಾಮಿಯ ಚಳಿಗಾಲದ ಹಗಲು ನಮ್ಮದಕ್ಕಿಂತ ಬಹಳ ಉದ್ದ.

ಇದೆಲ್ಲ ಕಾಗದದ ಮೇಲಿನ ಭಯ ಎನ್ನುವಂತಿಲ್ಲ, ಏಕೆಂದರೆ ಇದನ್ನು ಮಾಡಿ ನೋಡಿಯಾಗಿದೆ. ತೈಲ ಬಿಕ್ಕಟ್ಟಿನ ಚಳಿಗಾಲದಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ತುರ್ತು ಕಾನೂನಿನಂತೆ 1974ರ ಜನವರಿ 6ರಂದು ಅಮೆರಿಕ ಗಡಿಯಾರ ಮುಂದಿಟ್ಟಿತು, ಸುಮಾರು ಎರಡು ವರ್ಷ ಹಾಗೇ ಇಡುವ ಯೋಚನೆಯಿಂದ. ಅದರ ಹಿಂದಿನ ಡಿಸೆಂಬರ್‌ನಲ್ಲಿ ಶೇ. 79 ಮಂದಿ ಇದನ್ನು ಬೆಂಬಲಿಸಿದ್ದರು. ಫೆಬ್ರವರಿಯಲ್ಲಿ ಆ ಸಂಖ್ಯೆ ಶೇ. 42ಕ್ಕೆ ಇಳಿಯಿತು. ನಡುವೆ ಆದದ್ದು ಒಂದು ಜನವರಿ, ಅಷ್ಟೇ. ಫ್ಲಾರಿಡಾದಲ್ಲೇ ಬೆಳಗಿನ ಕತ್ತಲಲ್ಲಿ ಶಾಲೆಗೆ ಹೊರಟಿದ್ದ ಮಕ್ಕಳು ವಾಹನಗಳಿಗೆ ಸಿಕ್ಕಿ ಸತ್ತ ಸುದ್ದಿಗಳು ಬಂದವು, ಕಾನೂನು ಹಿಂತೆಗೆದುಕೊಳ್ಳಿ ಎಂದು ಅಲ್ಲಿನ ಗವರ್ನರ್ ರೂಬಿನ್ ಆಸ್ಕ್ಯೂ ಕೇಳಿಕೊಂಡರು. ಅಕ್ಟೋಬರ್‌ನಲ್ಲಿ ಹೊಸ ಅಧ್ಯಕ್ಷ ಫೋರ್ಡ್ ಸಹಿಯೊಂದಿಗೆ ಚಳಿಗಾಲಕ್ಕೆ ಸ್ಟ್ಯಾಂಡರ್ಡ್ ಟೈಮ್ ಮರಳಿತು. ಬ್ರಿಟನ್ 1968ರಿಂದ 1971ರವರೆಗೆ ಇದೇ ಪ್ರಯೋಗ ನಡೆಸಿ, ಕಾಮನ್ಸ್ ಸಭೆಯಲ್ಲಿ 366–81 ಮತಗಳಿಂದ ಕೈಬಿಟ್ಟಿತು. ಸ್ಕಾಟ್‌ಲೆಂಡಿನ ಉತ್ತರದಲ್ಲಿ ಹತ್ತು ಗಂಟೆಯ ಸುಮಾರಿಗೆ ಬೆಳಗಾಗುತ್ತಿತ್ತು. ರಷ್ಯಾ 2011ರಲ್ಲಿ ಬೇಸಿಗೆ ಸಮಯವನ್ನು ಶಾಶ್ವತ ಮಾಡಿ 2014ರ ಅಕ್ಟೋಬರ್‌ನಲ್ಲಿ ಗಡಿಯಾರವನ್ನು ಹಿಂದಿಟ್ಟಿತು. ಮೂರು ದೇಶ, ಮೂರು ಬಗೆಯ ಆಡಳಿತ, ಫಲ ಮಾತ್ರ ಒಂದೇ. ಇಂದಿನ ಚರ್ಚೆಯಲ್ಲಿ ಈ ಚರಿತ್ರೆ ಇಷ್ಟು ಕಡಿಮೆ ಕೇಳಿಬರುವುದು ನನಗೆ ನೋವಿನ ಸಂಗತಿ. ಜೂನ್‌ನ ಸಂಜೆಯನ್ನು ನೆನೆದು ಜನ ಜನವರಿಯ ಬಗ್ಗೆ ತೀರ್ಮಾನ ಕೊಡುತ್ತಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಶಾಲೆಯ ವಿಷಯ. ಕ್ಯಾಲಿಫೋರ್ನಿಯಾದ ಮತದಾರರು 2018ರಲ್ಲಿ ಶಾಶ್ವತ ಡೇಲೈಟ್ ಟೈಮಿಗೆ ದಾರಿ ಮಾಡುವ ಪ್ರಸ್ತಾಪವನ್ನು ಸುಮಾರು ಶೇ. 60 ಮತಗಳಿಂದ ಗೆಲ್ಲಿಸಿದರು. ಮರುವರ್ಷ ಅದೇ ರಾಜ್ಯ, ಹೈಸ್ಕೂಲುಗಳು ಎಂಟೂವರೆಗೆ ಮೊದಲು ಶುರುವಾಗಬಾರದೆಂದು ಕಾನೂನು ಮಾಡಿತು. ಹದಿಹರೆಯದವರಿಗೆ ನಿದ್ದೆ ತಡವಾಗಿ ಹತ್ತುತ್ತದೆ, ಬೇಗ ಎಬ್ಬಿಸಬೇಡಿ ಎಂಬ ಸರಿಯಾದ ಕಾಳಜಿ ಅದು. ಈಗ ಎರಡನ್ನೂ ಒಟ್ಟಿಗಿಡಿ. ಚಳಿಗಾಲದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ ಆ ಎಂಟೂವರೆಯ ಗಂಟೆ ಬಾರಿಸುವಾಗ ಸೂರ್ಯನ ಲೆಕ್ಕದಲ್ಲಿ ಈಗಿನ ಏಳೂವರೆ. ಒಂದು ಕೈಯಿಂದ ಕೊಟ್ಟ ನಿದ್ದೆಯನ್ನು ಇನ್ನೊಂದು ಕೈ ಕಿತ್ತುಕೊಂಡು ಹೋಯಿತು. ಸಂಸತ್ತು ಎಲ್ಲ ಶಾಲೆಗಳೂ ಇನ್ನು ಒಂದು ಗಂಟೆ ಮುಂಚೆ ತೆರೆಯಬೇಕೆಂದು ಹೇಳಿದ್ದರೆ ತಾಯ್ತಂದೆಯರು ಬೀದಿಗಿಳಿಯುತ್ತಿದ್ದರು. ಗಡಿಯಾರದ ಮೂಲಕ ಅದನ್ನೇ ಹೇಳಿದರೆ ಬೆಳಕಿನ ಉಡುಗೊರೆಯಂತೆ ಕಾಣುತ್ತದೆ.

ಬೆಂಬಲಿಗರ ವಾದಗಳಲ್ಲಿ ಹುರುಳಿಲ್ಲ ಎನ್ನಲಾರೆ. ಕೆಲಸ ಮುಗಿಸಿ ಬರುವಾಗ ಬೆಳಕಿದ್ದರೆ ಸಂಜೆ ನಡೆಯುವವರು ವಾಹನಗಳಿಗೆ ಸಿಕ್ಕುವುದು ಕಡಿಮೆ, ಮಕ್ಕಳಿಗೆ ಆಟದ ಮೈದಾನ ಸಿಗುತ್ತದೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆ ಕವಿಯುವ ಕತ್ತಲೆಗೆ ಇಲ್ಲಿಗೆ ಬಂದ ಮೊದಲ ವರ್ಷ ನಾನು ಅತ್ತಿದ್ದೇನೆ. ಆದರೆ ಡೆಟ್ರಾಯಿಟ್‌ನ ಅತಿ ಚಿಕ್ಕ ಹಗಲು ಒಂಬತ್ತು ಗಂಟೆ ಚಿಲ್ಲರೆ ನಿಮಿಷ. ಅದನ್ನು ಯಾವ ತುದಿಗೆ ಎಳೆದರೂ ಇನ್ನೊಂದು ತುದಿ ಬರಿದಾಗುತ್ತದೆ. ವಿದ್ಯುತ್ ಉಳಿಯುತ್ತದೆ ಎಂಬ ಹಳೆಯ ಮಾತೂ ನಿಂತಿಲ್ಲ. ಇಂಡಿಯಾನಾ ರಾಜ್ಯ 2006ರಲ್ಲಿ ಇಡೀ ರಾಜ್ಯಕ್ಕೆ ಡೇಲೈಟ್ ಟೈಮ್ ತಂದಾಗ ಮನೆಗಳ ವಿದ್ಯುತ್ ಬಳಕೆ ಸುಮಾರು ಶೇ. 1 ಏರಿದ್ದನ್ನು ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ದೀಪದಲ್ಲಿ ಉಳಿದದ್ದು ಏಸಿ, ಹೀಟರುಗಳಲ್ಲಿ ಹೋಯಿತು. ರೈತರಿಗಾಗಿ ಇದು ಬಂತು ಎಂಬುದಂತೂ ತಲೆಕೆಳಗಾದ ಕಥೆ. ಅಧ್ಯಕ್ಷ ವಿಲ್ಸನ್ ಅವರ ವೀಟೊವನ್ನೂ ಮೀರಿ 1919ರಲ್ಲಿ ಇದನ್ನು ರದ್ದು ಮಾಡಿಸಿದವರಲ್ಲಿ ರೈತರೇ ಮುಂದಿದ್ದರು. ಹಸುವಿನ ಕೆಚ್ಚಲು, ಹುಲ್ಲಿನ ಮೇಲಿನ ಇಬ್ಬನಿ ಎರಡೂ ಹೊತ್ತನ್ನೇ ನೋಡುತ್ತವೆ.

ನಮ್ಮ ಬೆಂಗಳೂರಿನವರೇ ಇಂಥದ್ದನ್ನು ಹೇಳಿದ್ದಾರಲ್ಲ ಎಂದು ಗುಂಪಿನ ಗೆಳೆಯರೊಬ್ಬರು ನೆನಪಿಸಿದರು. ಹೌದು, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ. ಪಿ. ಸೇನ್‌ಗುಪ್ತಾ ಮೊದಲಾದವರು ಭಾರತದ ಸಮಯವನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದಿಡಬೇಕೆಂದು ವಾದಿಸಿದ್ದರು. ಅದರ ಬಗ್ಗೆ ನನಗೆ ಈ ಹಟವಿಲ್ಲ. ಬೆಂಗಳೂರಿನಲ್ಲಿ ಅತಿ ತಡದ ಸೂರ್ಯೋದಯ ಆರೂ ಮುಕ್ಕಾಲಿಗೆ. ಅರ್ಧ ಗಂಟೆ ಸೇರಿಸಿದರೂ ಏಳೂ ಕಾಲು, ಮಕ್ಕಳು ಬೆಳಕಿನಲ್ಲೇ ಹೊರಡುತ್ತಾರೆ. ಹದಿಮೂರನೆಯ ಅಕ್ಷಾಂಶದ ಬೆಂಗಳೂರಿಗೆ ಹೊಂದುವ ಮಾತು ನಲವತ್ತೆರಡರ ಡೆಟ್ರಾಯಿಟ್‌ಗೆ ಹೊಂದುವುದಿಲ್ಲ.

ಇನ್ನೊಂದು ವಿಷಯ ನನ್ನ ಗೆಳೆಯರಲ್ಲಿ ಹಲವರಿಗೆ ಗೊತ್ತಿರಲಿಲ್ಲ. 1966ರ ಏಕರೂಪ ಸಮಯ ಕಾನೂನಿನ ಪ್ರಕಾರ ಯಾವ ರಾಜ್ಯವೂ ತಾನಾಗಿ ಶಾಶ್ವತ ಡೇಲೈಟ್ ಟೈಮಿಗೆ ಹೋಗುವಂತಿಲ್ಲ, ಹಲವು ರಾಜ್ಯಗಳು ಕಾನೂನು ಮಾಡಿಟ್ಟುಕೊಂಡು ವಾಷಿಂಗ್ಟನ್ನಿನ ಅಪ್ಪಣೆಗೆ ಕಾಯುತ್ತಿವೆ. ವರ್ಷಪೂರ್ತಿ ಸ್ಟ್ಯಾಂಡರ್ಡ್ ಟೈಮಿನಲ್ಲಿ ಉಳಿಯಲು ಮಾತ್ರ ಯಾರ ಅಪ್ಪಣೆಯೂ ಬೇಡ. ಹವಾಯಿ ಹಾಗೆಯೇ ಇದೆ, ಅರಿಜೋನಾದ ಬಹುಭಾಗವೂ ಹಾಗೆಯೇ ಇದೆ. ನಮ್ಮ ರಾಜ್ಯ ಮಿಶಿಗನ್ ಕೂಡ ಒಮ್ಮೆ ಹಾಗಿತ್ತು: 1968ರಲ್ಲಿ ಇಲ್ಲಿನ ಮತದಾರರು ಡೇಲೈಟ್ ಟೈಮ್ ಬೇಡವೆಂದರು, 1972ರಲ್ಲಷ್ಟೇ ಬೇಕೆಂದರು.

ಗುಂಪಿನಲ್ಲಿ ಈ ವರ್ಷವೂ ಒಂದು ಮನವಿಪತ್ರ ಸುತ್ತುತ್ತಿದೆ, ವಾಷಿಂಗ್ಟನ್ನಿಗೆ ಕಳಿಸಲು. ನಾನು ಸಹಿ ಹಾಕಲಿಲ್ಲ. ರಾಜ್ಯದ ರಾಜಧಾನಿ ಲ್ಯಾನ್ಸಿಂಗಿನಲ್ಲಿರುವ ನಮ್ಮ ಶಾಸಕರಿಗೆ ಬೇರೆ ಪತ್ರ ಬರೆದಿದ್ದೇನೆ: ಮುಂದಿನ ನವೆಂಬರ್‌ನಲ್ಲಿ ಗಡಿಯಾರವನ್ನು ಹಿಂದಿಟ್ಟ ಮೇಲೆ ದಯವಿಟ್ಟು ಅದನ್ನು ಮತ್ತೆ ಮುಟ್ಟಬೇಡಿ. ಪತ್ರದ ಜೊತೆ ಬಸ್ಸು ನಿಲ್ಲುವ ತಿರುವಿನ ಒಂದು ಫೋಟೊ ಇಟ್ಟಿದ್ದೇನೆ, ಏಳು ಗಂಟೆಯದು. ಅದರಲ್ಲಿ ಐದು ಮಕ್ಕಳಿದ್ದಾರೆ. ಬೀದಿದೀಪದ ಕೆಳಗೆ ಬಂದು ನಿಂತ ಇಬ್ಬರಷ್ಟೇ ಕಾಣುತ್ತಾರೆ.