ಎರಡು ಮಣ್ಣು, ಒಂದೇ ಬಿಗಿ

ಬೀದರ್ ಊರು ಮುಗಿದು ಭಾಲ್ಕಿ ರಸ್ತೆ ಶುರುವಾಗುವ ಕಡೆ ಒಂದು ಮಿನಿ ಹಿಟಾಚಿ ಒಂದು ಕಾಲು ಎತ್ತಿಕೊಂಡು ನಿಂತಿತ್ತು. ಹಿಟಾಚಿ ಎಂದದ್ದು ಕಂಪನಿಯ ಹೆಸರಲ್ಲ. ನಮ್ಮ ಕಡೆ ಟೈರಿನ ಮೇಲೆ ಓಡಾಡಿ ನೆಲ ಅಗೆಯುವುದೆಲ್ಲ ಜೆಸಿಬಿ, ಪಟ್ಟಾದ ಮೇಲೆ ತೆವಳುವುದೆಲ್ಲ ಹಿಟಾಚಿ. ಮೈಮೇಲೆ ಯಾವ ಹೆಸರು ಬರೆದಿದ್ದರೂ ಅಷ್ಟೇ. ಯಂತ್ರ ಬೂಮನ್ನು ಪಕ್ಕಕ್ಕೆ ತಿರುಗಿಸಿ, ಬಕೆಟ್ಟನ್ನು ನೆಲಕ್ಕೊತ್ತಿ ತನ್ನ ಭಾರವನ್ನು ತಾನೇ ಎತ್ತಿಕೊಂಡಿತ್ತು. ಹೊಟ್ಟೆಯ ಕೆಳಗೆ ಮರದ ದಿಮ್ಮಿಗಳ ಆಸರೆ. ಎತ್ತಿದ ಕಾಲಿನ ರಬ್ಬರ್ ಪಟ್ಟಾ ಕಿತ್ತುಹೋದ ಚಪ್ಪಲಿಯ ಬಾರಿನ ಹಾಗೆ ಜೋತುಬಿದ್ದಿತ್ತು.

ಕುತೂಹಲಕ್ಕೆ ನಿಂತೆ. ಹೊರಡುವಾಗ ಅರ್ಧ ಮೆಚ್ಚುಗೆಯಿತ್ತು, ಅರ್ಧ ತಕರಾರು.

ದೊಡ್ಡ ಯಂತ್ರದ ಉಕ್ಕಿನ ಚೈನಿಗೆ ಪಿನ್ ಇರುತ್ತದೆ. ಅದನ್ನು ಬಡಿದು ತೆಗೆದರೆ ಚೈನು ಚಾಪೆಯಂತೆ ನೆಲಕ್ಕೆ ಹಾಸಿಕೊಳ್ಳುತ್ತದೆ. ಸವೆದ ಕೊಂಡಿ ಬದಲಿಸಿ ಮತ್ತೆ ಸೇರಿಸಬಹುದು. ರಬ್ಬರ್ ಪಟ್ಟಾಕ್ಕೆ ತುದಿಯೂ ಇಲ್ಲ, ಕೊಂಡಿಯೂ ಇಲ್ಲ. ರಬ್ಬರಿನೊಳಗೆ ಉದ್ದಕ್ಕೂ ಉಕ್ಕಿನ ತಂತಿ, ಅಡ್ಡಕ್ಕೆ ಉಕ್ಕಿನ ತುಂಡುಗಳು. ಒಟ್ಟಿನಲ್ಲಿ ಬಳೆಯಂತೆ ಒಂದೇ ಸುತ್ತು. ಗಾಡಿಯ ಗಾಲಿಗೆ ಹಳಿ ಕಟ್ಟುವಾಗ ಕಮ್ಮಾರ ಹಳಿಯನ್ನು ಬೆಂಕಿಗೆ ಹಾಕಿ ಹಿಗ್ಗಿಸುತ್ತಾನೆ. ಇಲ್ಲಿ ಆ ಉಪಾಯ ನಡೆಯದು. ಬಳೆಗಾರ ಮಾಡಿದಂತೆ ಮಾಡಬೇಕು: ಬಳೆ ಹಿಗ್ಗುವುದಿಲ್ಲ, ಕೈ ಮಡಚಿಕೊಳ್ಳಬೇಕು.

ಆ ಕೈ ಎಂದರೆ ಮುಂದಿನ ಐಡ್ಲರ್ ಗಾಲಿ. ಅದರ ಬೆನ್ನಿಗೊಂದು ಸಿಲಿಂಡರ್ ಇದೆ. ಅದರೊಳಕ್ಕೆ ಗ್ರೀಸ್ ಹೊಡೆದರೆ ಐಡ್ಲರ್ ಮುಂದಕ್ಕೆ ಸರಿದು ಪಟ್ಟಾ ಬಿಗಿಯಾಗುತ್ತದೆ. ವಾಲ್ವ್ ಸಡಿಲಿಸಿ ಗ್ರೀಸ್ ಹೊರಬಿಟ್ಟರೆ ಐಡ್ಲರ್ ಹಿಂದೆ ಸರಿಯುತ್ತದೆ. ಮಿಸ್ತ್ರಿ ಗ್ರೀಸ್ ಬಿಟ್ಟು, ಪಟ್ಟಾದ ಕಿಂಡಿಗಳಲ್ಲಿ ಮೂರು ಕಬ್ಬಿಣದ ಪೈಪು ತೂರಿಸಿ, ಪಟ್ಟಾ ಎಳೆಯುವ ಹಲ್ಲಿನ ಗಾಲಿಯಾದ ಸ್ಪ್ರಾಕೆಟ್ಟನ್ನು ಹಿಂದಕ್ಕೆ ತಿರುಗಿಸಲು ಆಪರೇಟರಿಗೆ ಸನ್ನೆ ಮಾಡಿದ. ಪೈಪುಗಳು ಉರುಳುತ್ತ ಬಂದು ಐಡ್ಲರಿನ ಅಂಚಿಗೆ ಏರಿದವು, ಪಟ್ಟಾ ತಾನಾಗಿ ಪಕ್ಕಕ್ಕೆ ಜಾರಿತು. ಹೊಸದನ್ನು ಮೊದಲು ಸ್ಪ್ರಾಕೆಟ್ಟಿನ ಹಲ್ಲಿಗೆ ಕೂರಿಸಿ, ಆಮೇಲೆ ಹಾರೆಯಿಂದ ಎತ್ತಿ ಐಡ್ಲರಿನ ಮೇಲೆ ದಾಟಿಸಿದರು. 3 ಟನ್ ಯಂತ್ರದ ಒಂದು ಪಟ್ಟಾ ಸುಲಭವಾಗಿ ನೂರು ಕಿಲೋ ಮೀರುತ್ತದೆ. ಕ್ರೇನ್ ಇಲ್ಲ, ಷೆಡ್ ಇಲ್ಲ. ಇಬ್ಬರು ಮನುಷ್ಯರು, ರಸ್ತೆ ಬದಿಯ ಧೂಳು. ಈ ಕೈಚಳಕಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ತಕರಾರು ಶುರುವಾಗುವುದು ಹಳೆಯ ಪಟ್ಟಾವನ್ನು ಅವರು ಬಿಸಾಡಿದ ಗಳಿಗೆಯಿಂದ. ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಸವೆದ ಪಟ್ಟಾ ಯಂತ್ರದ ಜಾತಕವಿದ್ದಂತೆ. ಹೊರಗಿನ ದಿಂಡುಗಳು ಸಮನಾಗಿ ಸವೆದಿದ್ದರೆ ವಯಸ್ಸಾಯಿತು ಎಂದರ್ಥ, ಅದಕ್ಕೆ ಬೇಸರವಿಲ್ಲ. ಅಂಚು ಕಚ್ಚು ಕಚ್ಚಾಗಿ ಹರಿದಿದ್ದರೆ ಕಲ್ಲಿನ ಮೇಲೆ ನಿಂತಲ್ಲೇ ಗಿರಕಿ ಹೊಡೆಸಿದ್ದಾರೆ. ತಂತಿ ಹೊರಗೆ ಕಂಡು ತುಕ್ಕು ಹಿಡಿದಿದ್ದರೆ ಸೀಳಿನಲ್ಲಿ ನೀರು ಹೊಕ್ಕು ಬಹಳ ದಿನವಾಗಿದೆ. ಒಳಗಿನ ಉಕ್ಕಿನ ತುಂಡುಗಳು ಒಂದೇ ಮಗ್ಗುಲಲ್ಲಿ ಸವೆದಿದ್ದರೆ ತಪ್ಪು ಪಟ್ಟಾದ್ದಲ್ಲ, ಅದರೊಳಗೆ ಉರುಳುವ ರೋಲರಿನದೋ ಐಡ್ಲರಿನದೋ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರಂತೂ ಹೊಸ ಪಟ್ಟಾ ಹಾಕುವುದು ಹಲ್ಲಿಗೆ ಹೊಸ ತುತ್ತು ಕೊಟ್ಟಂತೆಯೇ. ಅಂದು ಬಿಸಾಡಿದ ಪಟ್ಟಾದ ಸಂದಿಗಳಲ್ಲಿ ಒಣಗಿ ಕಲ್ಲಾದ ಕರಿಮಣ್ಣಿತ್ತು, ಅದರ ಮೇಲೆ ಕೆಂಪು ಧೂಳು. ರೋಗ ಏನೆಂದು ಅಲ್ಲೇ ಬರೆದಿತ್ತು.

ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಕಿದ ಮೇಲೆ ಗಟ್ಟಿ. ಕೋಟೆಯ ಕಂದಕವನ್ನೂ ನೌಬಾದಿನ ಕರೇಜ್ ಎಂಬ ನೀರಿನ ಸುರಂಗವನ್ನೂ ಬಹಮನಿ ಕಾಲದವರು ಕಡಿದದ್ದು ಈ ಕಲ್ಲಿನಲ್ಲೇ. ಊರೊಳಗೆ ಅಡಿಪಾಯ ತೋಡಿದರೆ ಮುರುಮು ಬರುತ್ತದೆ, ಅದರ ಜೊತೆಗೆ ಚೂಪು ಅಂಚಿನ ಕಲ್ಲು. ಪೀಠಭೂಮಿ ಇಳಿದು ಮಾಂಜ್ರಾ ದಾಟಿ ಔರಾದ ಕಡೆ ಹೋಗಿ, ಇಲ್ಲವೆ ಕಾರಂಜಾ ಜಲಾಶಯವಿರುವ ಭಾಲ್ಕಿ ಸೀಮೆಗೆ ಹೋಗಿ, ಬಹುಪಾಲು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಹಲ್ವಾ. ಅದು ಸ್ಪ್ರಾಕೆಟ್ಟಿನ ಸುತ್ತ, ರೋಲರುಗಳ ನಡುವೆ ಮೆತ್ತಿಕೊಂಡು ಒಳಗಿನಿಂದಲೇ ಪಟ್ಟಾವನ್ನು ಹಿಗ್ಗಾಮುಗ್ಗಾ ಜಗ್ಗುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆಗೆ ಒಣಗಿ ಇಟ್ಟಿಗೆ.

ಆದ್ದರಿಂದ ಎರಡು ಕಡೆಗೂ ಒಂದೇ ಬಿಗಿ ಸಲ್ಲುವುದಿಲ್ಲ. ಕಾಲು ಎತ್ತಿದಾಗ ಕೆಳಗಿನ ರೋಲರಿಗೂ ಪಟ್ಟಾದ ಒಳಮೈಗೂ ನಡುವೆ ಇಷ್ಟು ಜೋಲು ಇರಬೇಕೆಂದು ಯಂತ್ರದ ಪುಸ್ತಕದಲ್ಲೇ ಇರುತ್ತದೆ. ಅನೇಕ ಮಿನಿ ಯಂತ್ರಗಳಲ್ಲಿ ಅದು 10ರಿಂದ 15 ಮಿಲಿಮೀಟರ್, ಅಂದರೆ ಒಂದು ಬೆರಳಿನಷ್ಟು. ಅಳೆಯುವ ಮುನ್ನ ಪಟ್ಟಾದ ಜೋಡಣೆಯ ಗುರುತು ಎಲ್ಲಿ ನಿಲ್ಲಬೇಕು ಎಂಬುದನ್ನೂ ಕೆಲವು ಕಂಪನಿಗಳು ಹೇಳಿರುತ್ತವೆ. ಕಲ್ಲುನೆಲದಲ್ಲಿ ಆ ಅಳತೆ ಮೀರಿ ಸಡಿಲ ಬಿಟ್ಟರೆ ಕಲ್ಲು ಒಳಸೇರಿ, ಇಳಿಜಾರಿನಲ್ಲಿ ಪಟ್ಟಾ ಕಳಚುತ್ತದೆ. ಕೆಸರಿನಲ್ಲಿ ಬಿಗಿ ಮಾಡಿದರೆ ಮೆತ್ತಿದ ಮಣ್ಣು ಅದನ್ನು ಇನ್ನೂ ಬಿಗಿದು ಒಳಗಿನ ತಂತಿಯನ್ನೂ ಐಡ್ಲರಿನ ಬೇರಿಂಗನ್ನೂ ತಿನ್ನುತ್ತದೆ. ಅಲ್ಲಿ ಜೋಲು ತುಸು ಹೆಚ್ಚೇ ಇರಬೇಕು. ಬಿಗಿಸಲು ಗ್ರೀಸ್ ಗನ್ನಿನ ನಾಲ್ಕು ಹೊಡೆತ, ಸಡಿಲಿಸಲು ವಾಲ್ವಿನ ಒಂದು ಸುತ್ತು, ಅಷ್ಟೇ ಕೆಲಸ. ಯಂತ್ರ ಊರು ಬದಲಿಸಿದಾಗ ಇದನ್ನು ಮಾಡುವವರು ಎಷ್ಟು ಜನ? ನಾನು ಕೇಳಿದವರಲ್ಲಿ ಒಬ್ಬನೂ ಇರಲಿಲ್ಲ. ಪಟ್ಟಾ ಹಾಕಿದ ದಿನದ ಬಿಗಿಯೇ ಹರಿಯುವ ದಿನದವರೆಗೆ.

ಇನ್ನೊಂದು ಮಾತನ್ನು ಮೆತ್ತಗೆ ಹೇಳಲಾರೆ. ಗ್ರೀಸ್ ಬಿಡುವಾಗ ಮಿಸ್ತ್ರಿಯ ಮುಖ ವಾಲ್ವಿನ ನೇರಕ್ಕಿತ್ತು, ಪಾನೆ ಜೋರಾಗಿ ತಿರುಗುತ್ತಿತ್ತು. ಆ ಸಿಲಿಂಡರಿನಲ್ಲಿ ಒತ್ತಡದಲ್ಲಿರುವ ಗ್ರೀಸ್ ಚರ್ಮ ತೂತು ಮಾಡಿ ಒಳಹೋಗಬಲ್ಲದು. ವಾಲ್ವ್ ಪೂರ್ತಿ ಬಿಚ್ಚಿದರೆ ಅದೇ ಗುಂಡಿನಂತೆ ಹಾರಬಲ್ಲದು. ನಿಧಾನಕ್ಕೆ ಒಂದು ಸುತ್ತು ಸಡಿಲಿಸಿ, ಪಕ್ಕಕ್ಕೆ ಕೂತು, ಗ್ರೀಸ್ ತಾನಾಗಿ ಬರಲು ಬಿಡಬೇಕು. ಮರದ ದಿಮ್ಮಿ ಇಡುವಷ್ಟು ಬುದ್ಧಿಯಿದ್ದವರು ಇಲ್ಲಿ ಮಾತ್ರ ಅವಸರ ಮಾಡುವುದು ನನಗೆ ಅರ್ಥವಾಗಲಿಲ್ಲ.

ಖರೀದಿಯಲ್ಲೂ ಕಣ್ಣಳತೆಯೇ. ಪಟ್ಟಾದ ಒಳಮೈಯಲ್ಲಿ 300, 52.5, 80 ಎಂಬಂಥ ಮೂರು ಅಂಕಿ ಇರುತ್ತವೆ: ಮಿಲಿಮೀಟರಿನಲ್ಲಿ ಅಗಲ, ಒಳಗಿನ ಒಂದು ಉಕ್ಕಿನ ತುಂಡಿನಿಂದ ಇನ್ನೊಂದಕ್ಕಿರುವ ದೂರ, ಆ ತುಂಡುಗಳ ಲೆಕ್ಕ. ಎರಡನೆಯದನ್ನೂ ಮೂರನೆಯದನ್ನೂ ಗುಣಿಸಿದರೆ ಸುತ್ತಳತೆ, ಇಲ್ಲಿ 4200 ಮಿಲಿಮೀಟರ್. ಮೂರೂ ಹೊಂದಿದರೂ ಮುಗಿಯಲಿಲ್ಲ. ಎನ್, ಡಬ್ಲ್ಯು ಎಂಬ ಅಕ್ಷರ ಬೇರೆಯಾದರೆ ಒಳಗಿನ ಉಕ್ಕಿನ ಹಲ್ಲುಗಳ ಜಾಗವೇ ಬೇರೆ, ರೋಲರಿಗೆ ಕೂರುವುದಿಲ್ಲ. ಇದರ ಜೊತೆಗೆ ಒಂದೇ ಪಟ್ಟಾ ಬದಲಿಸುವ ಉಳಿತಾಯ ಬೇರೆ. ಒಂದು ಹೊಸದು, ಒಂದು ಬೋಳು ಇದ್ದರೆ ಯಂತ್ರ ಒಂದು ಕಡೆ ಎಳೆಯುತ್ತದೆ, ಆಪರೇಟರ್ ದಿನವಿಡೀ ಲಿವರ್ ತಿದ್ದುತ್ತಲೇ ಇರಬೇಕು.

ಮಾಲೀಕರ ಅವಸರವೂ ಸುಳ್ಳಲ್ಲ. 2019ರಲ್ಲಿ ಜಲ ಜೀವನ ಮಿಷನ್ ಘೋಷಣೆಯಾಗಿ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರು ಪಡೆದ ಮೇಲೆ, ಹಳ್ಳಿಯ ಓಣಿ ಓಣಿಯಲ್ಲಿ ಪೈಪಿನ ತಗ್ಗು ತೋಡುವ ಕೆಲಸ ಬಂತು. ಜೆಸಿಬಿ ಹೋಗದ ಸಂದಿಗೆ ಮಿನಿ ಹೋಗುತ್ತದೆ, ಸಿಮೆಂಟ್ ರಸ್ತೆಯ ಮೇಲೆ ಉಕ್ಕಿನ ಚೈನಿನ ಹಾಗೆ ಗೀರು ಬೀಳಿಸುವುದಿಲ್ಲ. ಬಾಡಿಗೆ ಗಂಟೆಯ ಲೆಕ್ಕ. ನಿಂತ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಸಂಜೆ ಸಲಿಕೆ ಹಿಡಿದು ಮಣ್ಣು ಕೆರೆಯಲು ಗಂಟೆ ಬೇಡ, ಕಾಲು ಗಂಟೆ ಸಾಕು.

ಕೊನೆಗೆ ಗ್ರೀಸ್ ಗನ್ ಹೊರಬಂತು. ಆಪರೇಟರ್ ಹುಡುಗ ಬಗ್ಗಿ ನೋಡಿ, “ಕಾಕಾ, ಇನ್ನಾ ಢೀಲಾ ಅದ, ಹೊಡೀ” ಎಂದ. ನಾಳೆ ಯಂತ್ರ ಎಲ್ಲಿಗೆ ಎಂದು ಕೇಳಿದೆ. ಔರಾದಕ್ಕಂತೆ. ಎರಡು ದಿನದಿಂದ ಅಲ್ಲಿ ಮಳೆ. ಹಾಗಿದ್ದರೆ ಒಂದಿಷ್ಟು ಜೋಲು ಬಿಡಬಹುದಲ್ಲ ಎಂದೆ. ಮಿಸ್ತ್ರಿ ನನ್ನನ್ನು ನೋಡಿ ನಕ್ಕ.

“ಗೊತ್ತದ ಸರ್. ಜೋಲು ಬಿಟ್ರ ಮಾಲೀಕ್ರು ಬಂದು ನೋಡಿ ಕೆಲಸ ಕಚ್ಚಾ ಮಾಡೀದಿ ಅಂತಾರ. ಬಿಗಿ ಇದ್ರೇ ರೊಕ್ಕ ಕೊಡ್ತಾರ.”

ಹೇಳಿ, ಇನ್ನೆರಡು ಹೊಡೆತ ಹೊಡೆದ.